ವಿದೇಶದಲ್ಲಿ ಯೋಗ ಶಿಕ್ಷಕರ ತರಬೇತಿ: ಫೋಟೋ ಆಮೇಲೆ, ಮೊದಲು ಟೈಮ್‌ಟೇಬಲ್ ಕೇಳಿ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಏಳು ವರ್ಷದಿಂದ ಬಿಡದೆ ಯೋಗಾಭ್ಯಾಸ ಮಾಡುತ್ತಿದ್ದೇನೆ. ಕೆಲಸಕ್ಕೆ ಒಂದು ತಿಂಗಳು ರಜೆ ಹಾಕಿ, ವಿದೇಶದಲ್ಲಿ ಅಲ್ಲೇ ಉಳಿದುಕೊಂಡು ಶಿಕ್ಷಕರ ತರಬೇತಿ ಮುಗಿಸಬೇಕು ಅಂತ ಆಸೆ. ಬಾಲಿಯಲ್ಲಿ ಎರಡು, ಥಾಯ್ಲೆಂಡಿನಲ್ಲಿ ಒಂದು, ಕೋಸ್ಟರಿಕಾದಲ್ಲಿ ಒಂದು ಕೋರ್ಸ್ ನೋಡಿಟ್ಟಿದ್ದೇನೆ. ನಾಲ್ಕರಲ್ಲೂ '200 ಗಂಟೆ', 'ಅಂತಾರಾಷ್ಟ್ರೀಯ ಮಾನ್ಯತೆ' ಅಂತಲೇ ಬರೆದಿದೆ. ಬಾಲಿಯ ಒಂದು ಕೋರ್ಸ್ 14 ದಿನದ್ದು, ಉಳಿದವು 21ರಿಂದ 28 ದಿನ. ಹೇಗೆ ಆರಿಸಲಿ? ಎಡತೊಡೆಯ ಹಿಂಭಾಗದಲ್ಲಿ ಹಳೆಯ ನೋವೊಂದಿದೆ. ಅದಕ್ಕೂ ಹೆದರಿಕೆ.

ಉತ್ತರ: 14 ದಿನದ್ದನ್ನು ಇವತ್ತೇ ಪಟ್ಟಿಯಿಂದ ತೆಗೆದುಬಿಡಿ. ಇದಕ್ಕೆ ಯೋಗ ಗೊತ್ತಿರಬೇಕಿಲ್ಲ, ಭಾಗಾಕಾರ ಗೊತ್ತಿದ್ದರೆ ಸಾಕು. ಒಂದು ದಿನವೂ ರಜೆ ಇಲ್ಲ ಅಂದುಕೊಂಡರೂ 200 ಗಂಟೆ ಮುಗಿಯಬೇಕಾದರೆ ದಿನಕ್ಕೆ 14 ಗಂಟೆಗಿಂತ ಜಾಸ್ತಿ ಪಾಠ ಆಗಬೇಕು. ನಿದ್ದೆ, ಸ್ನಾನ, ಊಟ ಕಳೆದರೆ ದಿನದಲ್ಲಿ ಉಳಿಯುವುದೇ ಅಷ್ಟು. ಹಾಗಾದರೆ ಅಲ್ಲಿ ಎರಡರಲ್ಲಿ ಒಂದು ನಡೆದಿದೆ. ಒಂದೋ ಊಟದ ಹೊತ್ತನ್ನೂ ಪಾಠದ ಲೆಕ್ಕಕ್ಕೆ ಸೇರಿಸಿದ್ದಾರೆ, ಇಲ್ಲ ಅರ್ಧ ಕೋರ್ಸನ್ನು ಮನೆಯಲ್ಲೇ ವಿಡಿಯೊ ನೋಡಿ ಮುಗಿಸಿ ಬನ್ನಿ ಅಂತಾರೆ. ಎರಡನೆಯದು ಮೋಸವೇನಲ್ಲ. ಎಷ್ಟೋ ಶಾಲೆಗಳು ಆನ್‌ಲೈನ್ ಭಾಗ ಇಟ್ಟುಕೊಂಡಿವೆ. ಆದರೆ ಅದನ್ನು ಮೊದಲ ಸಾಲಲ್ಲೇ ಹೇಳಿರಬೇಕಿತ್ತು, ಅಲ್ವಾ?

ಇದೇ ಲೆಕ್ಕವನ್ನು ಉಳಿದ ಮೂರಕ್ಕೂ ಹಾಕಿ. ವಾರಕ್ಕೊಂದು ರಜೆ ಹಿಡಿದರೆ 21 ದಿನದ ಕೋರ್ಸ್‌ನಲ್ಲಿ ಪಾಠಕ್ಕೆ ಸಿಗುವುದು 18 ದಿನ. ದಿನಕ್ಕೆ 11 ಗಂಟೆ ಆಯಿತು. 28 ದಿನದ್ದಾದರೆ 24 ದಿನ, ದಿನಕ್ಕೆ 8 ಗಂಟೆ 20 ನಿಮಿಷ. 8 ಗಂಟೆ ಕಷ್ಟ, ಆದರೆ ಆಗುತ್ತದೆ. 11 ಗಂಟೆ ಅಂದರೆ ಮೂರನೇ ವಾರಕ್ಕೆ ಎಲ್ಲರೂ ಪದ್ಮಾಸನದಲ್ಲೇ ತೂಕಡಿಸುತ್ತಾರೆ. ನಾನೂ ತೂಕಡಿಸಿದ್ದೇನೆ.

ದಿನಗಳ ಲೆಕ್ಕ ಸರಿ ಬಂತು ಅಂದ ತಕ್ಷಣ ನಂಬಬೇಡಿ. ಹಿಂದೊಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬರು ದುಡ್ಡು ಕಟ್ಟುವ ಮುಂಚೆ ಒಂದು 28 ದಿನದ ಕೋರ್ಸ್‌ನ ಟೈಮ್‌ಟೇಬಲ್ ತಂದು ತೋರಿಸಿದರು. ಬೆಳಿಗ್ಗೆ 6ರಿಂದ ರಾತ್ರಿ 8:30ರವರೆಗೆ ಬಣ್ಣಬಣ್ಣದ ಚೌಕಗಳು. ನೋಡಲು ಚೆನ್ನಾಗಿತ್ತು. ಶಾಲೆಯ ಲೆಕ್ಕದಲ್ಲಿ ದಿನಕ್ಕೆ ಎಂಟೂವರೆ ಗಂಟೆ ಪಾಠ. ಇಬ್ಬರೂ ಪೆನ್ನು ಹಿಡಿದು ಕೂತೆವು. 6ರಿಂದ 6:45 'ಮೌನ ನಡಿಗೆ', ಜೊತೆಗೆ ಶಿಕ್ಷಕರು ಯಾರೂ ಇಲ್ಲ. ಹೊಡೆದುಹಾಕಿದೆವು. 12ರಿಂದ 1 'ಸ್ವಾಧ್ಯಾಯ', ಅಂದರೆ ರೂಮಿನಲ್ಲಿ ನೀವೇ ಓದಿಕೊಳ್ಳುವುದು. ಅದನ್ನೂ ಹೊಡೆದೆವು. ಸಂಜೆ 7ರಿಂದ 8:30 'ಸತ್ಸಂಗ'. ಕೇಳಿ ನೋಡಿದರೆ ಒಂದು ದಿನ ಹಾಡು, ಒಂದು ದಿನ ಸಿನಿಮಾ, ಒಂದು ದಿನ ಬೆಂಕಿ ಸುತ್ತ ಕೂತು ಹರಟೆ. ಅದೂ ಹೋಯಿತು. ಒಬ್ಬರು ಮುಂದೆ ನಿಂತು ಕಲಿಸುವ ಹೊತ್ತು ಅಂತ ಉಳಿದದ್ದು 5 ಗಂಟೆ 15 ನಿಮಿಷ. 24 ದಿನಕ್ಕೆ 126 ಗಂಟೆ. ಸರ್ಟಿಫಿಕೇಟಿನಲ್ಲಿ ಮಾತ್ರ 200.

ಹರಟೆ ಬೇಡ ಅಂತಲ್ಲ. ನನ್ನ ಒಳ್ಳೆಯ ಸ್ನೇಹಿತೆಯರಿಬ್ಬರು ಅಂಥ ಹರಟೆಯಲ್ಲೇ ಸಿಕ್ಕವರು. ಅದನ್ನು ಪಾಠ ಅಂತ ಮಾರಬಾರದು, ಅಷ್ಟೆ.

ಈ 200 ಅನ್ನುವ ಅಂಕಿ ಯಾವ ಶಾಸ್ತ್ರದಲ್ಲೂ ಇಲ್ಲ. ಅಮೆರಿಕದ ಯೋಗ ಅಲಯನ್ಸ್ ಅನ್ನುವ ಸಂಸ್ಥೆ ಶುರುವಾದದ್ದು 1999ರಲ್ಲಿ. ಶಿಕ್ಷಕರಿಗೆ ಕನಿಷ್ಠ ಇಷ್ಟು ತರಬೇತಿ ಇರಲಿ ಅಂತ ಅವರು ಗೆರೆ ಎಳೆದರು, ಅದೇ ಜಗತ್ತಿನಾದ್ಯಂತ ರೂಢಿಯಾಯಿತು. ಒಂದೇ ಕಡೆ ಉಳಿದು ನಾಲ್ಕು ವಾರದಲ್ಲಿ ಶಿಕ್ಷಕರಾಗುವ ಪದ್ಧತಿ ಅದಕ್ಕಿಂತ ಹಳೆಯದು. ಶಿವಾನಂದ ಪರಂಪರೆಯ ಸ್ವಾಮಿ ವಿಷ್ಣುದೇವಾನಂದರು 1969ರಲ್ಲೇ ಅಂಥ ತರಬೇತಿ ಶುರು ಮಾಡಿದ್ದರು. ಎಲ್ಲ ಪರಂಪರೆಗಳೂ ಇದನ್ನು ಒಪ್ಪಿಲ್ಲ. ಅಯ್ಯಂಗಾರ್ ಪದ್ಧತಿಯಲ್ಲಿ ಶಿಕ್ಷಕರಾಗಲು ವರ್ಷಗಟ್ಟಲೆ ಒಬ್ಬ ಗುರುವಿನ ಹತ್ತಿರ ಕಲಿತು ಆಮೇಲೆ ಪರೀಕ್ಷೆಗೆ ಕೂರಬೇಕು. ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲೂ ಹಳೆಯ ಕ್ರಮದಲ್ಲಿ ಕಲಿಸುವ ಅನುಮತಿ ಸಿಗುತ್ತಿದ್ದದ್ದು ಗುರುವಿನ ಹತ್ತಿರ ಮತ್ತೆ ಮತ್ತೆ ಹೋಗಿ ಅಭ್ಯಾಸ ಮಾಡಿದವರಿಗೆ. ಹಾಗಾಗಿ 'ಒಂದು ತಿಂಗಳಲ್ಲಿ ಅಯ್ಯಂಗಾರ್ ಶಿಕ್ಷಕರಾಗಿ' ಅಂತ ಎಲ್ಲಾದರೂ ಕಂಡರೆ ಆ ಪುಟ ಮುಚ್ಚಿಬಿಡಿ.

ಇನ್ನು 'ಅಂತಾರಾಷ್ಟ್ರೀಯ ಮಾನ್ಯತೆ'. ಯೋಗ ಕಲಿಸಲು ಇಡೀ ಜಗತ್ತಿಗೆ ಒಂದೇ ಲೈಸೆನ್ಸ್ ಕೊಡುವವರು ಯಾರೂ ಇಲ್ಲ. ಯೋಗ ಅಲಯನ್ಸ್ ಕೂಡ ಸರ್ಕಾರವಲ್ಲ, ಅದೊಂದು ನೋಂದಣಿ ಪುಸ್ತಕ ಇದ್ದ ಹಾಗೆ. ಶಾಲೆ ಅಲ್ಲಿ ನೋಂದಾಯಿಸಿರುತ್ತದೆ, ಸರ್ಟಿಫಿಕೇಟ್ ಕೊಡುವುದು ಶಾಲೆಯೇ, ಅದನ್ನು ತೋರಿಸಿ ಫೀಸು ಕಟ್ಟಿ ನಿಮ್ಮ ಹೆಸರನ್ನೂ ಬರೆಸಿಕೊಳ್ಳಬಹುದು. ಎಷ್ಟೋ ಸ್ಟುಡಿಯೋಗಳು, ಜಿಮ್‌ಗಳು ಈ ನೋಂದಣಿಯನ್ನು ಕೇಳುತ್ತವೆ, ಆ ಮಟ್ಟಿಗೆ ಉಪಯೋಗ ಉಂಟು. ಹೆಸರಿನಲ್ಲಿ 'ಯೋಗ ಅಲಯನ್ಸ್' ಇರುವ ಸಂಸ್ಥೆಗಳು ಬೇರೆಯೂ ಇವೆ. ಲೋಗೋ ನೋಡಿ ಸುಮ್ಮನಾಗದೆ, ಆ ಸಂಸ್ಥೆಯ ವೆಬ್‌ಸೈಟಿಗೇ ಹೋಗಿ ಶಾಲೆಯ ಹೆಸರು ಹುಡುಕಿ. ಭಾರತದಲ್ಲಿ ಆಯುಷ್ ಸಚಿವಾಲಯದಡಿ ಯೋಗ ಸರ್ಟಿಫಿಕೇಶನ್ ಬೋರ್ಡ್ ಇದೆ, ಅದರ ಪರೀಕ್ಷೆಯೇ ಬೇರೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ವೀಲ್ ಆಫ್ ಯೋಗ ಅಂತ 1960ರ ದಶಕದ ಸಂಸ್ಥೆ ಇದೆ, ಅದರ ದಾರಿ ಇನ್ನೊಂದು. ಆದ್ದರಿಂದ ಮೊದಲು ಎಲ್ಲಿ ಕಲಿಸಬೇಕು ಅಂತಿದ್ದೀರೋ ಅಲ್ಲಿನ ಎರಡು ಸ್ಟುಡಿಯೋಗೆ ಫೋನ್ ಮಾಡಿ, 'ಏನು ಕೇಳ್ತೀರಿ' ಅಂತ ವಿಚಾರಿಸಿ. ಹತ್ತು ನಿಮಿಷದ ಕೆಲಸ. ಅವರಲ್ಲಿ ಹೆಚ್ಚಿನವರು ಸರ್ಟಿಫಿಕೇಟ್ ನೋಡಿ ಆಮೇಲೆ 'ಒಂದು ಕ್ಲಾಸ್ ತಗೊಂಡು ತೋರಿಸಿ' ಅಂತಾರೆ. ಅಸಲಿ ವಿಷಯ ಇರುವುದು ಅಲ್ಲೇ.

ಇದೇ 200 ಗಂಟೆಯಲ್ಲಿ 'ಯೋಗ ಥೆರಪಿಸ್ಟ್' ಮಾಡುತ್ತೇವೆ ಅಂದರೂ ನಂಬಬೇಡಿ. ಯೋಗ ಥೆರಪಿಸ್ಟರ ಅಂತಾರಾಷ್ಟ್ರೀಯ ಸಂಘ ತನ್ನ ಸರ್ಟಿಫಿಕೇಟಿಗೆ ಕೇಳುವ ತರಬೇತಿಯೇ 800 ಗಂಟೆಯದ್ದು, ಅದೂ ಮೊದಲೇ ಶಿಕ್ಷಕರಾಗಿದ್ದವರಿಗೆ.

ಈಗ ನಾನು ಮುಖ್ಯ ಅಂದುಕೊಂಡ ಮಾತಿಗೆ ಬರುತ್ತೇನೆ. ನೀವು ಅಷ್ಟು ದೂರ ಹೋಗಿ ದುಡ್ಡು ಕೊಡುವುದು ಒಬ್ಬ ಅನುಭವಸ್ಥರ ಕಣ್ಣು ತಿಂಗಳಿಡೀ ನಿಮ್ಮ ಮೇಲಿರಲಿ ಅಂತ. ಮಿಕ್ಕಿದ್ದೆಲ್ಲ ವಸತಿ. ಈಜುಕೊಳ, ಬಿದಿರಿನ ಹಾಲ್, ಸೂರ್ಯಾಸ್ತ ಎಲ್ಲ ಇದ್ದು ಕಲಿಸುವವರೇ ಇಲ್ಲದಿದ್ದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ನನ್ನ ಮೊದಲ ತರಬೇತಿ ಹಾಗೇ ಆಗಿತ್ತು. ಯಾವ ಶಾಲೆ ಅಂತ ಹೇಳುವುದಿಲ್ಲ. ಪೋಸ್ಟರಿನಲ್ಲಿದ್ದ ಗುರುಗಳು ಮೊದಲ ದಿನ ಬಂದು ದೀಪ ಹಚ್ಚಿದರು, ಒಂದು ಗಂಟೆ ಚೆನ್ನಾಗಿ ಮಾತಾಡಿದರು. ಆಮೇಲೆ ಅವರನ್ನು ಕಂಡದ್ದು ಕೊನೆಯ ದಿನ, ಸರ್ಟಿಫಿಕೇಟ್ ಕೊಡುವಾಗ. ನಡುವೆ ನಮಗೆ ಕಲಿಸಿದವಳು ಹಿಂದಿನ ಬ್ಯಾಚಿನಲ್ಲಿ ಪಾಸಾಗಿದ್ದ ಹುಡುಗಿ. ಪಾಪ, ಒಳ್ಳೆಯವಳು. ಆದರೆ ವೀರಭದ್ರಾಸನದಲ್ಲಿ ನನ್ನ ಮಂಡಿ ಯಾಕೆ ಒಳಕ್ಕೆ ಬೀಳುತ್ತಿದೆ ಅಂತ ಕೇಳಿದರೆ 'ನಾಳೆ ಹೇಳ್ತೀನಿ' ಅನ್ನುತ್ತಿದ್ದಳು.

ನಾವು 28 ಜನ ಇದ್ದೆವು. ಕೊನೆಯ ಪರೀಕ್ಷೆಗೆ ಒಂದು ಗಂಟೆಯ ಕ್ಲಾಸನ್ನು ನಾಲ್ಕು ಜನ ಹಂಚಿಕೊಳ್ಳಬೇಕಿತ್ತು. ತಲಾ 15 ನಿಮಿಷ. ನನ್ನ ಪಾಲಿಗೆ ಬಂದದ್ದು ಕೊನೆಯ ಭಾಗ, ಶವಾಸನ. ಎಲ್ಲರನ್ನೂ ಮಲಗಿಸಿ, ನಾಲ್ಕು ಮಾತು ಹೇಳಿ, ಸುಮ್ನೆ ನಿಂತುಕೊಂಡೆ. ಪಾಸಾದೆ.

ವಾಪಸು ಬಂದು ಮೊದಲ ಕ್ಲಾಸ್ ತೆಗೆದುಕೊಂಡ ದಿನ ಗೊತ್ತಾಯಿತು ನನಗೇನೂ ಬರುವುದಿಲ್ಲ ಅಂತ. ಜನರಿಗೆ ಎದುರಾಗಿ ನಿಂತು 'ಬಲಗಾಲು ಮುಂದೆ' ಅಂದೆ, ನನ್ನ ಬಲಗಾಲನ್ನೇ ಮುಂದಿಟ್ಟೆ. ಅವರು ನನ್ನನ್ನು ನೋಡಿಕೊಂಡು ಎಡಗಾಲು ಇಟ್ಟರು. ಎದುರು ನಿಂತವರು ಕನ್ನಡಿಯ ಹಾಗೆ ಮಾಡಬೇಕು, ಬಾಯಲ್ಲಿ ಬಲ ಅಂದರೆ ತಾನು ಎಡ ಇಡಬೇಕು. ಇಷ್ಟು ಸಣ್ಣ ವಿಷಯವನ್ನು 200 ಗಂಟೆಯಲ್ಲಿ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು 'ನನಗೆ ಬಿಪಿ ಜಾಸ್ತಿ, ಇದು ಮಾಡಬಹುದಾ' ಅಂದರು. ಇನ್ನೊಬ್ಬರು ಐದು ತಿಂಗಳ ಗರ್ಭಿಣಿ. ನಾನು ಮತ್ತೆ ಎಲ್ಲರನ್ನೂ ಶವಾಸನಕ್ಕೆ ಕಳಿಸಿದೆ!

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಶಾಲೆಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. 'ಕೋರ್ಸ್ ಮುಗಿಯುವಷ್ಟರಲ್ಲಿ ನಾನು ಒಬ್ಬಳೇ ನಿಂತು ಒಟ್ಟು ಎಷ್ಟು ನಿಮಿಷ ಪಾಠ ಮಾಡಿರುತ್ತೇನೆ? ಅದನ್ನು ಯಾರು ಕೂತು ನೋಡಿ, ಬರೆದು ಕೊಡುತ್ತಾರೆ?' ಉತ್ತರ ಅಂಕಿಯಲ್ಲಿ ಬರಬೇಕು. 'ಪ್ರತಿದಿನ ಅವಕಾಶ ಇರುತ್ತದೆ', 'ನಮ್ಮದು ಪೂರ್ತಿ ಪ್ರಾಯೋಗಿಕ' ಅನ್ನುವುದು ಉತ್ತರ ಅಲ್ಲ. ನನ್ನ ಅಂದಾಜಿನಲ್ಲಿ ಮೊದಲ ವಾರದಿಂದಲೇ ಐದೈದು ನಿಮಿಷದಿಂದ ಶುರುವಾಗಿ, ಕೊನೆಗೆ ಒಂದು ಪೂರ್ತಿ ಗಂಟೆಯ ಕ್ಲಾಸನ್ನು ಒಬ್ಬರೇ ತೆಗೆದುಕೊಂಡಿರಬೇಕು. ಅದೂ ಸಹಪಾಠಿಗಳಿಗಲ್ಲ. ಅವರಿಗೆ ಮುಂದಿನ ಆಸನ ಯಾವುದು ಅಂತ ನೀವು ಬಾಯಿ ಬಿಡುವ ಮುಂಚೆಯೇ ಗೊತ್ತಿರುತ್ತದೆ. ಹೊರಗಿನ, ಹೊಸಬರಿರುವ ಒಂದು ಗುಂಪನ್ನು ಕರೆಸುವ ಶಾಲೆ ಸಿಕ್ಕರೆ ಬಿಡಬೇಡಿ. 28 ಜನರ ಬ್ಯಾಚಿನಲ್ಲಿ ಇದು ಯಾಕೆ ಆಗುವುದಿಲ್ಲ ಅಂತ ನೀವೇ ಲೆಕ್ಕ ಹಾಕಬಹುದು. ಒಬ್ಬರಿಗೆ ಒಂದು ಗಂಟೆ ಅಂದರೂ 28 ಗಂಟೆ ಅದಕ್ಕೇ ಬೇಕು. 12ರಿಂದ 16 ಜನ, ಇಬ್ಬರು ಶಿಕ್ಷಕರು ಇದ್ದರೆ ಒಳ್ಳೆಯದು.

ಎರಡನೆಯ ಪ್ರಶ್ನೆ, ನಾನು ಹೋಗುವ ಬ್ಯಾಚಿಗೆ ಯಾರು ಕಲಿಸುತ್ತಾರೆ, ಯಾವ ವಿಷಯ, ಎಷ್ಟು ಗಂಟೆ. ಹೆಸರು ಹೆಸರಾಗಿ. ಯೋಗ ಅಲಯನ್ಸ್‌ನಲ್ಲಿ ಹೆಸರಿನ ಮುಂದೆ ಇ-ಆರ್‌ವೈಟಿ 200 (ಅನುಭವಿ ನೋಂದಾಯಿತ ಯೋಗ ಶಿಕ್ಷಕರು) ಅಂತ ಇದ್ದರೆ ಅವರು ತರಬೇತಿ ಮುಗಿಸಿ ಕನಿಷ್ಠ ಎರಡು ವರ್ಷದಲ್ಲಿ 1000 ಗಂಟೆ ಕಲಿಸಿದ್ದಾರೆ ಅಂತ ಅರ್ಥ. ಇ-ಆರ್‌ವೈಟಿ 500 ಅಂದರೆ ನಾಲ್ಕು ವರ್ಷ, 2000 ಗಂಟೆ. ಬರೀ ಆರ್‌ವೈಟಿ ಅಂದರೆ ಅವರೂ ಇತ್ತೀಚೆಗಷ್ಟೇ ತರಬೇತಿ ಮುಗಿಸಿದವರಿರಬಹುದು. ಈ ಅಕ್ಷರಗಳನ್ನೂ ತೀರಾ ತಲೆಮೇಲೆ ಹೊತ್ತುಕೊಳ್ಳಬೇಡಿ, ಅವು ಗಂಟೆ ಎಣಿಸುತ್ತವೆ, ಗುಣ ಎಣಿಸುವುದಿಲ್ಲ. ಅವರದ್ದೊಂದು ಆನ್‌ಲೈನ್ ಕ್ಲಾಸಿಗೆ ಸೇರಿ ನೋಡಿ. ಅವರು ತಮ್ಮ ಆಸನದಲ್ಲೇ ಮುಳುಗಿದ್ದಾರಾ, ನಿಮ್ಮನ್ನು ನೋಡುತ್ತಿದ್ದಾರಾ? ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಅವರು ಮಾತಾಡುವ ಇಂಗ್ಲಿಷ್ ನಿಮಗೆ ಸಲೀಸಾಗಿ ಅರ್ಥವಾಗುತ್ತದಾ ಅನ್ನುವುದೂ ಆಗಲೇ ತಿಳಿಯುತ್ತದೆ. ದಿನಕ್ಕೆ 8 ಗಂಟೆ ಅದೇ ಕೇಳಬೇಕು ನೋಡಿ.

ಮೂಳೆ, ಸ್ನಾಯುಗಳ ಪಾಠಕ್ಕೆ ಯೋಗ ಅಲಯನ್ಸ್ ಕನಿಷ್ಠ 30 ಗಂಟೆ ಕೇಳುತ್ತದೆ, ತತ್ವ-ಇತಿಹಾಸ-ನೀತಿಗೆ 30. ಶಾಲೆ ಯಾವ ಪುಸ್ತಕ ಓದಿಸುತ್ತದೆ ಅಂತ ಕೇಳಿದರೆ ಸಾಕು. ಪತಂಜಲಿಯ ಸೂತ್ರಗಳನ್ನು ನಿಜವಾಗಿ ಕೂರಿಸಿ ಓದಿಸುವವರು ಯಾರ ಅನುವಾದ ಅಂತಲೂ ಹೇಳುತ್ತಾರೆ. 'ಪ್ರಾಚೀನ ಜ್ಞಾನ' ಅಂತಷ್ಟೇ ಅಂದರೆ ಜೆರಾಕ್ಸ್ ಹಾಳೆ ಅಂದುಕೊಳ್ಳಿ.

ನಿಮ್ಮ ತೊಡೆಯ ವಿಷಯ. ನೋವು ಎಲ್ಲಿದೆ ಅಂತ ಸರಿಯಾಗಿ ಬರೆದಿಲ್ಲ. ತೊಡೆಯ ಮಧ್ಯದಲ್ಲಾದರೆ ಒಂದು ತರಹ. ಗಟ್ಟಿ ಕುರ್ಚಿಯಲ್ಲಿ ಕೂತಾಗ ಒತ್ತುವ ಮೂಳೆ ಇದೆಯಲ್ಲ, ಅಲ್ಲಿ ಆದರೆ ಹುಷಾರಾಗಿರಬೇಕು. ತೊಡೆ ಹಿಂಭಾಗದ ಸ್ನಾಯುಗಳು ಹುಟ್ಟುವುದೇ ಆ ಮೂಳೆಯಿಂದ. ವರ್ಷಗಟ್ಟಲೆ ಮುಂದೆ ಬಗ್ಗಿ ಬಗ್ಗಿ ಎಳೆದವರಿಗೆ ಆ ಸ್ನಾಯುರಜ್ಜು ಕೆರಳುತ್ತದೆ. ಯೋಗ ಮಾಡುವವರಲ್ಲಿ ಇದು ಎಷ್ಟು ಮಾಮೂಲಿ ಅಂದರೆ ನಮ್ಮ ನಡುವೆ ಅದಕ್ಕೆ 'ಯೋಗ ಬಟ್' ಅಂತ ಅಡ್ಡಹೆಸರೇ ಇದೆ. ತೊಂದರೆ ಏನೆಂದರೆ, ಬಿಗಿಯಾಗಿದೆ ಅಂದುಕೊಂಡು ಇನ್ನೂ ಎಳೆಯುತ್ತೇವೆ, ನೋವು ಇನ್ನೂ ಜಾಸ್ತಿಯಾಗುತ್ತದೆ. ಎಳೆಯುವುದನ್ನು ಕಡಿಮೆ ಮಾಡಿ, ನಿಧಾನವಾಗಿ ಬಲ ಕೊಡಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ತೋರಿಸಿ. ದಿನಕ್ಕೆ ಎರಡು ಹೊತ್ತು ಆಸನ, ವಾರಕ್ಕೆ ಆರು ದಿನ ಅಂತಲೂ ಹೇಳಿ, ಬರೀ 'ಯೋಗ ಮಾಡ್ತೀನಿ' ಅಂದರೆ ಅವರಿಗೆ ಅಂದಾಜಾಗುವುದಿಲ್ಲ.

ಶಾಲೆಗೂ ಇದನ್ನು ಮೊದಲೇ ಬರೆಯಿರಿ. ಅವರ ಉತ್ತರವೇ ನಿಮಗೊಂದು ಪರೀಕ್ಷೆಯಾಗುತ್ತದೆ. 'ಬನ್ನಿ, ಯೋಗದಿಂದ ಎಲ್ಲ ವಾಸಿಯಾಗುತ್ತೆ' ಅಂದರೆ ಬೇಡ. 'ಪಶ್ಚಿಮೋತ್ತಾನಾಸನದ (ಕಾಲು ಚಾಚಿ ಕೂತು ಮುಂದೆ ಬಗ್ಗುವುದು) ಬದಲು ಇದು ಕೊಡುತ್ತೇವೆ, ಕೂತು ನೋಡಿದರೂ ಹಾಜರಿ ಹೋಗುವುದಿಲ್ಲ' ಅಂದರೆ ಅವರಿಗೆ ಕೆಲಸ ಗೊತ್ತಿದೆ. ಮತ್ತೊಂದು, ಜೋಯಿಸರ ಅಷ್ಟಾಂಗ ಪದ್ಧತಿಯ ಮೊದಲ ಆಸನ ಸರಣಿಯಲ್ಲಿ ಮುಂದೆ ಬಗ್ಗುವ ಆಸನಗಳೇ ತುಂಬಿವೆ. ಅದನ್ನೇ ಪ್ರತಿದಿನ ಮಾಡಿಸುವ ಕೋರ್ಸ್ ಈಗಿನ ಸ್ಥಿತಿಯಲ್ಲಿ ನಿಮಗೆ ಹೊಂದುವುದಿಲ್ಲ. ನಿಧಾನದ ಹಠಯೋಗದ ಕೋರ್ಸ್ ನೋಡಿ.

ಕೈಹಿಡಿದು ತಿದ್ದುವ ವಿಷಯವೂ ಇದಕ್ಕೇ ಸೇರಿದ್ದು. ಹಿಂದಿನಿಂದ ಬಂದು ಬೆನ್ನ ಮೇಲೆ ಭಾರ ಹಾಕಿ ಬಗ್ಗಿಸುವ ಶಿಕ್ಷಕರು ಈಗಲೂ ಇದ್ದಾರೆ. ಮುಟ್ಟುವ ಮುಂಚೆ ಕೇಳುವ ಪದ್ಧತಿ ಇದೆಯಾ ಅಂತ ವಿಚಾರಿಸಿ. ಕೆಲವು ಕಡೆ ಮ್ಯಾಟ್ ಪಕ್ಕ ಒಂದು ಚೀಟಿ ಇಡುತ್ತಾರೆ, ಒಂದು ಬದಿ 'ಮುಟ್ಟಬಹುದು', ಇನ್ನೊಂದು ಬದಿ 'ಬೇಡ'. ಬಹಳ ಹೆಸರು ಮಾಡಿದ ಯೋಗ ಪರಂಪರೆಗಳಲ್ಲೂ ಗುರುಗಳ ಮೇಲೆ ಲೈಂಗಿಕ ದೌರ್ಜನ್ಯದ ದೂರುಗಳು ಬಹಿರಂಗವಾಗಿ ಬಂದಿವೆ. ಊರು ಹೊಸದು, ಭಾಷೆ ಹೊಸದು, ಊಟ ವಸತಿ ಎಲ್ಲ ಅವರ ಕೈಯಲ್ಲೇ. ಅಂಥ ಕಡೆ 'ಬೇಡ' ಅನ್ನುವುದು ಕಷ್ಟವಾಗುತ್ತದೆ. ದೂರು ಕೊಡುವುದಾದರೆ ಯಾರಿಗೆ, ಅವರು ಆ ಗುರುವಿಗಿಂತ ಬೇರೆಯವರಾ? ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರೆ, ಅಲ್ಲಿಗೆ ಹೋಗುವುದು ಬೇಡ.

ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಆದರೆ ಶಾಲೆ ಕೊಟ್ಟ ಹೆಸರುಗಳನ್ನಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಬ್ಯಾಚಿನ ಗುಂಪು ಫೋಟೋದಲ್ಲಿ ಟ್ಯಾಗ್ ಆದವರನ್ನು ಹುಡುಕಿ, ಒಂದು ವರ್ಷದ ಹಿಂದೆ ಮುಗಿಸಿದವರಿಗೆ ಮೆಸೇಜ್ ಮಾಡಿ. 'ಹೇಗಿತ್ತು' ಅಂದರೆ ಎಲ್ಲರೂ 'ಬದುಕೇ ಬದಲಾಯ್ತು' ಅಂತಾರೆ. 'ಈಗ ಕಲಿಸ್ತಿದ್ದೀರಾ?' ಅಂತ ಕೇಳಿ.

ದುಡ್ಡಿನ ಬಗ್ಗೆ ಉದ್ದ ಹೇಳುವುದಿಲ್ಲ. 'ಕೊನೆಯ ಎರಡು ಸೀಟು' ಅನ್ನುವುದು ಆರು ತಿಂಗಳಾದರೂ ಹಾಗೇ ಇರುತ್ತದೆ. ಮುಂಗಡ ವಾಪಸು ಬರುತ್ತದಾ, ಕಾಯಿಲೆಯಾಗಿ ನಡುವೆ ಬಿಟ್ಟರೆ ಏನು, ಮೂರು ದಿನ ಹೊಟ್ಟೆ ಕೆಟ್ಟು ಮಲಗಿದರೆ ತಪ್ಪಿದ ಗಂಟೆಗಳನ್ನು ಹೇಗೆ ತುಂಬಿಸುತ್ತಾರೆ, ಇಷ್ಟೂ ಮೇಲ್‌ನಲ್ಲಿ ಇರಲಿ. ಹೊಟ್ಟೆ ಕೆಡುವುದು ತೀರಾ ಸಾಮಾನ್ಯ. ಬಾಲಿಯಲ್ಲಿ ಅದಕ್ಕೆ 'ಬಾಲಿ ಬೆಲ್ಲಿ' ಅಂತ ಹೆಸರೇ ಇದೆ.

ವೀಸಾ ಯಾವುದು ಅನ್ನುವುದನ್ನು ಶಾಲೆಯ ಮಾತಿನ ಮೇಲೆ ಬಿಡದೆ ಆ ದೇಶದ ಅಧಿಕೃತ ಪುಟದಲ್ಲೇ ನೋಡಿ. ಕೋರ್ಸ್ ಮುಗಿದ ಮೇಲೆ 'ಇಲ್ಲೇ ಇದ್ದು ಎರಡು ಕ್ಲಾಸ್ ತಗೊಳ್ಳಿ, ರೂಮು ಫ್ರೀ' ಅಂತ ಆಸೆ ತೋರಿಸುತ್ತಾರೆ. ಎಷ್ಟೋ ದೇಶಗಳಲ್ಲಿ ಸಂಬಳ ಇಲ್ಲದಿದ್ದರೂ ಅದನ್ನು ಕೆಲಸ ಅಂತಲೇ ಲೆಕ್ಕ ಹಾಕುತ್ತಾರೆ, ಪ್ರವಾಸಿ ವೀಸಾದಲ್ಲಿ ಮಾಡುವ ಹಾಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಯೋಗ ತರಬೇತಿ ಸೇರುತ್ತದಾ ಕೇಳಿ. ಸ್ಕೂಟರ್ ಬಗ್ಗೆಯೂ ಕೇಳಿ. ನಾನು ಕಂಡ ಹಾಗೆ ಬಾಲಿ, ಥಾಯ್ಲೆಂಡಿನಲ್ಲಿ ತರಬೇತಿ ನಿಂತುಹೋದವರಲ್ಲಿ ಶೀರ್ಷಾಸನದಿಂದ ಬಿದ್ದವರಿಗಿಂತ ಸ್ಕೂಟರಿನಿಂದ ಬಿದ್ದವರು ಜಾಸ್ತಿ. ದ್ವಿಚಕ್ರಕ್ಕೆ ಅಲ್ಲಿ ಸಲ್ಲುವ ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡಬಹುದು.

ಜಾಗ ಆರಿಸಲು ನನಗೆ ಅಂಥ ಪಕ್ಷಪಾತವಿಲ್ಲ, ತಿಂಗಳು ಮಾತ್ರ ನೋಡಿಕೊಳ್ಳಿ. ಬಾಲಿಯಲ್ಲಿ ಸುಮಾರಾಗಿ ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಗೋಡೆ ಇಲ್ಲದ ಹಾಲ್‌ನಲ್ಲಿ ಮಳೆ ಸದ್ದಿಗೆ ಶಿಕ್ಷಕರ ಮಾತೇ ಕೇಳಿಸುವುದಿಲ್ಲ. ಅಲ್ಲಿ ನ್ಯೆಪಿ ಅನ್ನುವ ಮೌನದ ಹಬ್ಬದ ದಿನ ವಿಮಾನ ನಿಲ್ದಾಣವನ್ನೂ 24 ಗಂಟೆ ಮುಚ್ಚುತ್ತಾರೆ. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ, ಟಿಕೆಟ್ ತೆಗೆಯುವಾಗ ನೆನಪಿರಲಿ. ಕೋಸ್ಟರಿಕಾದ ಪೆಸಿಫಿಕ್ ತೀರದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ. ಥಾಯ್ಲೆಂಡಿನ ಕೋರ್ಸ್ ಚಿಯಾಂಗ್ ಮಾಯ್ ಕಡೆಯದ್ದಾದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಡ. ಆಗ ಗದ್ದೆ, ಕಾಡುಗಳಿಗೆ ಬೆಂಕಿ ಬಿದ್ದು ಊರಿಡೀ ಹೊಗೆ ಕವಿದಿರುತ್ತದೆ. ಆ ಹೊಗೆಯಲ್ಲಿ ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡುವುದು ಯಾವ ಭಾಗ್ಯಕ್ಕೆ?

ಈಗ ಉಳಿದಿರುವ ಮೂರೂ ಶಾಲೆಗಳಿಗೆ ಒಂದೇ ಮೇಲ್ ಕಳಿಸಿ. ಒಂದು ವಾರದ ಪೂರ್ತಿ ಟೈಮ್‌ಟೇಬಲ್, ನಿಮ್ಮ ಬ್ಯಾಚಿನ ಶಿಕ್ಷಕರ ಹೆಸರು ಮತ್ತು ಅವರವರ ಗಂಟೆ, ಬ್ಯಾಚಿನಲ್ಲಿ ಗರಿಷ್ಠ ಎಷ್ಟು ಜನ, ನೀವು ಒಬ್ಬರೇ ಪಾಠ ಮಾಡುವ ನಿಮಿಷಗಳು, ತೊಡೆ ನೋವಿಗೆ ಏನು ಬದಲಾವಣೆ, ಕಾಯಿಲೆಯಾದರೆ ದುಡ್ಡು ವಾಪಸು ಉಂಟಾ. ಆರೇ ಸಾಲು. ಒಂದು ಶಾಲೆಯಾದರೂ ಉತ್ತರದ ಬದಲು ರಿಯಾಯಿತಿ ಕೂಪನ್ ಕಳಿಸುತ್ತದೆ ನೋಡುತ್ತಿರಿ. ಟೈಮ್‌ಟೇಬಲ್ ಕೈಗೆ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಪೆನ್ನು ಹಿಡಿದು ಕೂರೋಣ.